ಸೊಂಟದಿಂದ ಎಸೆದ ಚೆಂಡು

ಅಫಜಲಪುರ
೧೪ ನವೆಂಬರ್ ೨೦೨೪

ಚಿ. ಸೌ. ಸುಂದರಬಾಯಿಗೆ,

ನಿನ್ನ ಪಿ.ಟಿ. ಮೇಡಂ ಅನುರಾಧಾಳ ಆಶೀರ್ವಾದ. ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು "ಇರ್ಲಿ ಬಿಡ್ರಿ ಮೇಡಂ, ಆಗಿದ್ದಾಯ್ತು" ಎಂದು ಬಾಯಿ ಮುಚ್ಚಿಸುತ್ತೀ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ನಾದಿನಿ ಅಮೃತ ನಮ್ಮ ಕಾಲೇಜಿಗೆ ಸೇರಿದ್ದು ನನಗೆ ಗೊತ್ತೇ ಇರಲಿಲ್ಲ. ಮೊನ್ನೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಹೊಸ ಹುಡುಗಿಯೊಬ್ಬಳು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಬಗ್ಗಿಸಿ, ಸೊಂಟದಿಂದ ಮೇಲಕ್ಕೆ ತೂರಿದಳು. ಚೆಂಡು ರಿಂಗಿಗೂ ತಾಗದೆ ಬಲೆಗೆ ಇಳಿಯಿತು. ನನ್ನ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು. ಯಾರು ಕಲಿಸಿದರೆಂದು ಕೇಳಿದೆ. "ನಮ್ಮ ವೈನಿ ಕಲಿಸ್ಯಾರ್ರಿ. ಆದ್ರ ಮ್ಯಾಚಿನ್ಯಾಗ ಹಿಂಗ ಒಗೀಬ್ಯಾಡ, ಮೇಡಂ ಹೇಳ್ದಂಗ ತಲೀ ಮ್ಯಾಲಿಂದ ಒಗಿ ಅಂದಾರ್ರಿ" ಎಂದಳು. ವೈನಿ ಯಾರೆಂದರೆ ನಿನ್ನ ಹೆಸರು ಹೇಳಿದಳು.

ಆರು ವರ್ಷವಾಯಿತು, ಸುಂದರಾ. ಇನ್ನೂ ನನ್ನ ಮಾತು ಕೇಳುತ್ತಿದ್ದೀಯಾ?

ಹವಳಗಾದ ನಿಮ್ಮ ಹೊಲದಲ್ಲಿ ನಿನ್ನ ಅಪ್ಪ ಬಣವೆಯ ಮೇಲೆ ನಿಂತರೆ ನೀನು ಕೆಳಗಿನಿಂದ ಜೋಳದ ಕಣಿಕೆಯ ಸೂಡು ಎಸೆಯುತ್ತಿದ್ದೆಯಂತೆ. ಅವರು ಒಂದು ಹೆಜ್ಜೆಯೂ ಸರಿಯದೆ ಹಿಡಿಯುತ್ತಿದ್ದರಂತೆ. ಮೊದಲ ವರ್ಷ ನೀನು ಆ ಕೈಯಿಂದಲೇ, ಹಾಗೇ ಸೊಂಟದಿಂದ ಎಸೆದು, ಹತ್ತು ಫ್ರೀ ಥ್ರೋದಲ್ಲಿ ಒಂಬತ್ತು ಹಾಕುತ್ತಿದ್ದೆ. ನಾನು ಸುಮ್ಮನಿರಬಹುದಿತ್ತು. ಆದರೆ ತರಬೇತಿಯ ಡಿಪ್ಲೊಮಾ ಮಾಡಿಬಂದವಳು ನಾನು. ಸುಮ್ಮನಿದ್ದರೆ ಕಲಿಸಿದ ಹಾಗಾಗುತ್ತದೆಯೇ? ಬೇರೆ ಕಾಲೇಜಿನವರು "ಕಣಿಕಿ ಒಗ್ಯಾಕತ್ತಾಳ ನೋಡ್ರಿ" ಎಂದು ನಕ್ಕಾಗ ನೀನೂ ನಕ್ಕುಬಿಟ್ಟೆ, ನನಗೆ ಮೈ ಉರಿಯಿತು. ಎರಡು ತಿಂಗಳು ಬೆಳಗ್ಗೆ ಐದೂವರೆಗೆಲ್ಲ ಅಂಗಳದಲ್ಲಿ ನಿಲ್ಲಿಸಿ ನಿನ್ನ ಕೈ ತಲೆಯ ಮೇಲಕ್ಕೆತ್ತಿಸಿದೆ. ಒಂಬತ್ತು ಹೋಗಿ ಐದಾಯಿತು. ಅಭ್ಯಾಸ ಸಾಲದೆಂದು ನಿನ್ನನ್ನೇ ಬೈದೆ.

ಜೇವರ್ಗಿ ಕಾಲೇಜಿನವರ ಮೇಲಿನ ಫೈನಲ್ ನಿನಗೆ ನೆನಪಿಸಬೇಕಾಗಿಲ್ಲ. ಒಂದು ಪಾಯಿಂಟ್ ಹಿಂದಿದ್ದೆವು, ಉಳಿದದ್ದು ನಾಲ್ಕು ಸೆಕೆಂಡು, ನಿನಗೆ ಎರಡು ಫ್ರೀ ಥ್ರೋ. ನಾನು ಗಡಿಯಾರ ನೋಡುತ್ತಿದ್ದೆ. ನೀನು ತಲೆಯ ಮೇಲಿಂದ ಎಸೆದೆ, ಎರಡೂ ತಪ್ಪಿದವು. ಆಮೇಲೆ ಪ್ರಿನ್ಸಿಪಾಲರ ಮುಂದೆ ನಾನು "ಕಲಿಸೋದೆಲ್ಲಾ ಕಲಿಸೀನ್ರಿ ಸರ್, ಆಕಿನಽ ಹೆದರಿದ್ಳು" ಎಂದೆ. ನೀನು ಬಾಗಿಲ ಬಳಿ ಶೂ ಬಿಚ್ಚುತ್ತ ಅದನ್ನು ಕೇಳಿಸಿಕೊಂಡೆ. ಯುನಿವರ್ಸಿಟಿ ತಂಡದ ಆಯ್ಕೆಗೆ ನೀನು ಹೋಗಲಿಲ್ಲ. ಆ ಬೇಸಿಗೆಯಲ್ಲೇ ಖಜೂರಿಗೆ ಸೊಸೆಯಾಗಿ ಹೋದೆ.

ಅದೇ ಅಂಗಳದಲ್ಲಿ ಎಷ್ಟೋ ಹುಡುಗಿಯರಿಗೆ ನಿನಗೆ ಕಲಿಸಿದ್ದನ್ನೇ ಕಲಿಸಿದೆ. ಚೆನ್ನಾಗಿ ಓಡುತ್ತಾರೆ, ಹೇಳಿದಂತೆ ಕೇಳುತ್ತಾರೆ. ಒಬ್ಬಳೂ ನೀನಾಗಲಿಲ್ಲ. ಒಳ್ಳೆಯ ತರಬೇತಿ ಸಿಕ್ಕರೆ ಯಾರನ್ನಾದರೂ ಆಟಗಾರ್ತಿ ಮಾಡಬಹುದೆಂದು ಸಭೆಗಳಲ್ಲಿ ಹೇಳುತ್ತಿದ್ದವಳು ಈಗ ಆ ಮಾತೇ ಎತ್ತುವುದಿಲ್ಲ. ನೀನಿಲ್ಲದೆ ಬಹಳ ಬೇಸರವಾಗುತ್ತದೆ, ಸುಂದರಾ. ಸಂಜೆ ಚೆಂಡುಗಳನ್ನು ಚೀಲಕ್ಕೆ ತುಂಬುವಾಗ ಇವತ್ತಿಗೂ ಒಂದನ್ನು ಹೊರಗೆ ಬಿಡುತ್ತೇನೆ. "ಇನ್ನೊಂದಽ ಸಲ, ಮೇಡಂ" ಎಂದು ನೀನು ಗೋಗರೆಯುತ್ತಿದ್ದೆಯಲ್ಲ, ಆ ರೂಢಿ ಬಿಟ್ಟಿಲ್ಲ.

ಇಪ್ಪತ್ನಾಲ್ಕರ ರವಿವಾರ ಮತ್ತೆ ಜೇವರ್ಗಿಯವರ ಜೊತೆ ಪಂದ್ಯವಿದೆ. ಸೊಂಟದಿಂದಲೇ ಎಸೆ ಎಂದು ಅಮೃತಳಿಗೆ ಹೇಳಿದೆ. ಅವಳು ನಂಬುತ್ತಿಲ್ಲ, ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದಾಳೆ. ನೀನೇ ಬಂದು ಹೇಳಬೇಕು. ನಿನ್ನ ಅತ್ತೆಯವರ ಒಪ್ಪಿಗೆಯನ್ನು ನಾನು ಕೇಳುತ್ತೇನೆ. ಒಂದು ದಿನದ ಮಟ್ಟಿಗೆ ಬಾ.

ನಿನ್ನ ದಾರಿ ನೋಡುತ್ತಿರುವ,
ಅನುರಾಧಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಫೈನಲ್‌ನ ಆ ಹೊತ್ತು ನಾನು ಗಡಿಯಾರ ನೋಡುತ್ತಿರಲಿಲ್ಲ. ನೀನು ಚೆಂಡನ್ನು ಸೊಂಟದವರೆಗೆ ಇಳಿಸಿ, ಹೀಗೆ ಎಸೆಯಲೇ ಎಂಬಂತೆ ನನ್ನನ್ನು ನೋಡಿದೆ. ನಾನು ಬೇಡವೆಂದು ತಲೆಯಾಡಿಸಿದೆ. ಎರಡನೆಯ ಸಲವೂ ನೀನು ನೋಡಿದೆ, ಆಗಲೂ ನಾನು ಬೇಡವೆಂದೆ. ಜನ ನಗುತ್ತಾರೆಂದು ಹೆದರಿದವಳು ನಾನು. ಇದನ್ನು ನೀನು ಯಾರಿಗೂ ಹೇಳಿಲ್ಲ, ಅಮೃತಳಿಗೂ ಹೇಳಿಲ್ಲ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿಲ್ಲ. ಬಸ್ಸಿನಲ್ಲಿ ಓದಿಕೊಂಡೇ ಹೋಗು ಎಂದು ಅವಳಿಗೆ ಹೇಳಿದ್ದೇನೆ.