ಅಂಗಳದ ದೂರದರ್ಶಕ

11-12-85, ಬುಧವಾರ

ದೂರದರ್ಶಕ ಒಳಗಿರಬೇಕೋ ಹೊರಗಿರಬೇಕೋ ಎಂಬ ತಗಾದೆ ಇವತ್ತು ಮುಗಿಯಿತು. ಗೆದ್ದವನು ನಾನೇ, ಆದರೆ ಗೆದ್ದ ಹಾಗೆ ಅನಿಸುತ್ತಿಲ್ಲ.

ಇಬ್ಬನಿ ಕೂತು ಗಾಜಿಗೆ ಬೂಷ್ಟು ಹಿಡಿದರೆ ಹ್ಯಾಲಿ ಧೂಮಕೇತು ಯಾವುದು, ಬೂಷ್ಟು ಯಾವುದು? ಅಕ್ಕನಿಗೆ ಕಾಲೇಜಿನ ಪಾಠವನ್ನೇ ಒಪ್ಪಿಸಿದೆ: "ಡ್ಯೂ ಫಾಲ್ಸ್ ಬಿಕಾಸ್..." ಬಿಕಾಸ್‌ನಿಂದ ಮುಂದಿನದು ನೆನಪಾಗಲಿಲ್ಲ.

ಕೌಸಲ್ಯಕ್ಕ ಜಗ್ಗಲಿಲ್ಲ. ಅದನ್ನು ಅಂಗಳದಲ್ಲಿ ನಿಲ್ಲಿಸಿದಂದಿನಿಂದ ಮಂಗಗಳು ಕೋವಿ ಎಂದು ಹೆದರಿ ಎಳನೀರಿಗೆ ಬರುತ್ತಿಲ್ಲವಂತೆ. ನೆರೆಮನೆಯ ದುಗ್ಗಪ್ಪನೂ ಅವಳ ಪಕ್ಷವೇ. "ಒಳಗೆ ಎಂತಕ್ಕೆ ಮಾರಾಯ್ರೆ? ನಮ್ಮ ತೆಂಗಿನ ಕಡೆಗೂ ಸ್ವಲ್ಪ ತಿರುಗಿಸಿ ಇಡಿ!"

ಹೆಂಡತಿ ಇದ್ದಿದ್ದರೆ ನನಗೂ ಒಂದು ವೋಟು ಬೀಳುತ್ತಿತ್ತು. ಅವಳು ಹೋದ ಮೇಲೆ ಈ ಮನೆಯಲ್ಲಿ ನಾನು ಪರ್ಮನೆಂಟ್ ಮೈನಾರಿಟಿ.

ಸಂಜೆ ದೊಡ್ಡದೊಂದು ಗಂಡು ಮಂಗ ಬಂದು, ಕೊಳವೆಯ ಮೇಲೆ ಸವಾರಿ ಕೂತು, ನಮ್ಮನ್ನೇ ನೋಡುತ್ತಾ ಎಳನೀರು ಕುಡಿಯಿತು. ಅಕ್ಕ ಸೆರಗು ಕೊಡವಿ ಎದ್ದಳು.

"ಇದ್ರಿಂದ ಎಂತದೂ ಪ್ರಯೋಜನ ಇಲ್ಲ ಅಂತ ಮಂಗನಿಗೂ ಗೊತ್ತಾಯ್ತು. ಒಳಗೆ ಇಟ್ಕೋ, ಮಾರಾಯ."

ಇಟ್ಟುಕೊಂಡಿದ್ದೇನೆ, ಮಂಚದ ಪಕ್ಕದಲ್ಲೇ. ಪ್ರಯೋಜನವಿಲ್ಲದವರು ಇಬ್ಬರೂ ಈಗ ಒಂದೇ ಕೋಣೆಯಲ್ಲಿ. ನಾಳೆ ಗಾಜು ಒರೆಸಿ, ಮಂಗನ ಕೈಯ ಅಂಟು ಹೋದರೆ, ಧೂಮಕೇತುವನ್ನು ಮೊದಲು ಅಕ್ಕನಿಗೇ ತೋರಿಸಬೇಕು.