ಹುಲಗಮ್ಮ ಹಿಂದಕ್ಕೆ ಓಡಿದ್ದು ಮೋಸವಲ್ಲ

ಮಹಾನಗರದ ಮ್ಯಾರಥಾನ್ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನಿಮ್ಮ ಓಟದ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ತಾವರಗೇರಾದ ಹುಲಗಮ್ಮನ ಹೆಸರಿನ ಮುಂದೆ ‘ವಂಚನೆ, ಅನರ್ಹ’ ಎಂದು ಬರೆದಿದ್ದೀರಿ. ಅದನ್ನು ಅಳಿಸಿರೆಂದು ಮೂರು ಸಲ ಬರೆದು ಕೇಳಿಕೊಂಡೆ. ‘ನಿಯಮ ಎಲ್ಲರಿಗೂ ಒಂದೇ’ ಎಂದು ಮೂರು ಸಲವೂ ಅದೇ ಉತ್ತರ ಬಂತು. ಅದಕ್ಕೇ ಈಗ ನಾಲ್ಕು ಮಂದಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ನಿಮ್ಮ ಓಟದ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇನು? ನಾನು ಹೈಸ್ಕೂಲಿನ ದೈಹಿಕ ಶಿಕ್ಷಕ. ನಿಮ್ಮದು ಶುರುವಾದ ವರ್ಷವೇ ನಾನೂ ಕುಷ್ಟಗಿ ರಸ್ತೆಯಲ್ಲಿ ಒಂದು ಓಟ ಶುರು ಮಾಡಿದೆ. ಮೊದಲ ವರ್ಷ ನಿಮ್ಮಲ್ಲಿ ಓಡಿದವರು ಇನ್ನೂರು ಮಂದಿ, ನೋಡಲು ನಿಂತವರು ಹಾಲಿನವರು ಮತ್ತು ಬೀದಿನಾಯಿಗಳು ಎಂದು ನಿಮ್ಮ ನುಣುಪು ಹಾಳೆಯ ಸ್ಮರಣ ಸಂಚಿಕೆಯಲ್ಲೇ ಓದಿದೆ. ನನ್ನಲ್ಲೂ ಆ ವರ್ಷ ಅರವತ್ತು ಮಂದಿ ಇದ್ದರು ಸ್ವಾಮಿ! ಈಗ ನಿಮಗೆ ಇಪ್ಪತ್ತು ಸಾವಿರ, ನನಗೆ ಹನ್ನೊಂದು. ನಿಮಗಾಗಿ ಇಡೀ ನಗರ ಒಂದು ಬೆಳಗು ಬಸ್ಸು ನಿಲ್ಲಿಸಿಕೊಂಡು ಕಾಯುತ್ತದೆ. ದಾರಿಯುದ್ದಕ್ಕೂ ಡೊಳ್ಳು, ಬಾಳೆಹಣ್ಣು, ಗುರುತಿಲ್ಲದವರ ಚಪ್ಪಾಳೆ. ನನ್ನ ಹನ್ನೊಂದು ಮಂದಿಯನ್ನು ಜಲ್ಲಿ ಲಾರಿಗಳು ಹಾರ್ನ್ ಹೊಡೆದು ರಸ್ತೆಯಿಂದ ಇಳಿಸುತ್ತವೆ. ಡಾಕ್ಟರು, ಆಟೋದವರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಒಂದೇ ಗೆರೆಯ ಹಿಂದೆ ನಿಲ್ಲುವ ಸೊಬಗು ನಮ್ಮ ಪಾಲಿಗೆ ಯಾಕೆ ಬರಲಿಲ್ಲ? ಹೊಟ್ಟೆ ಉರಿಯದೆ ಇನ್ನೇನಾದೀತು?

ಆ ಸೊಬಗನ್ನು ತೋರಿಸೋಣವೆಂದೇ ಹುಲಗಮ್ಮ, ಅಮರಮ್ಮ ಇಬ್ಬರನ್ನೂ ನಿಮ್ಮ ಅರ್ಧ ಮ್ಯಾರಥಾನಿಗೆ ಕರೆತಂದೆ. ಇಬ್ಬರೂ ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವವರು. ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸುವ ಕೆಲಸ ಅದು. ಅಲ್ಲಿ ತನ್ನ ಸಾಲು ಮೊದಲು ಮುಗಿಸಿದವಳು ಬದುವಿನ ಮೇಲೆ ಕೂರುವುದಿಲ್ಲ; ತಿರುಗಿ, ಹಿಂದೆ ಬಿದ್ದವಳ ಸಾಲಿಗೆ ಎದುರಿನಿಂದ ಹೋಗುತ್ತಾಳೆ. ಇಬ್ಬರೂ ಕೂಡಿ ಮುಗಿಸಿದ ಮೇಲೆಯೇ ನೀರು ಕುಡಿಯುವುದು. ನಿಮ್ಮ ಮುಕ್ತಾಯದ ಗೆರೆ ಕಣ್ಣಿಗೆ ಕಾಣುತ್ತಿದ್ದಾಗ ಹುಲಗಮ್ಮ ಹಿಂತಿರುಗಿ ನೋಡಿದಳು. ಅಮರಮ್ಮ ಇರಲಿಲ್ಲ. ಎರಡು ಕಿಲೋಮೀಟರ್ ಹಿಂದಕ್ಕೆ ಓಡಿ, ಮೀನಖಂಡ ಹಿಡಿದುಕೊಂಡು ಕೂತಿದ್ದವಳನ್ನು ಎಬ್ಬಿಸಿ ಕರೆತಂದಳು. ಹುಲಗಮ್ಮನ ಕಾಲಿಗೆ ಕಟ್ಟಿದ್ದ ಚಿಪ್ ಒಂದೇ ಜಾಗವನ್ನು ಮೂರು ಸಲ ದಾಟಿದ್ದನ್ನು ನಿಮ್ಮ ಯಂತ್ರ ಬರೆದುಕೊಂಡಿತು. ಅಮರಮ್ಮನಿಗೆ ಪದಕ, ಹುಲಗಮ್ಮನಿಗೆ ವಂಚಕಿಯ ಪಟ್ಟ!

“ಗೆರಿ ಅಲ್ಲೇ ಇತ್ತಲ್ಲ ಬೇ, ದಾಟಿ ಆಮ್ಯಾಲ ಹೋಗಬಾರದಿತ್ತೇನು?” ಎಂದು ರೇಗಿದೆ.

“ಆಕಿ ಸಾಲು ಹಂಗ ಉಳದಿತ್ತಲ್ರಿ ಸರ್ರ, ನಾ ಒಬ್ಬಾಕಿ ಮುಗಿಸಿ ಹ್ಯಾಂಗ ಕುಂದ್ರಲಿ?” ಎಂದಳು.

ಅಡ್ಡದಾರಿ ಹಿಡಿದು ಕಡಿಮೆ ಓಡುವ ಕಳ್ಳರನ್ನು ಕೇಳಿದ್ದೇನೆ. ನಾಲ್ಕು ಕಿಲೋಮೀಟರ್ ಹೆಚ್ಚಿಗೆ ಓಡಿದ ಕಳ್ಳಿಯನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ನಿಮ್ಮ ಪಾಲಿಗೆ ‘ವಂಚನೆ’ ಪಟ್ಟಿಯಲ್ಲಿನ ಒಂದು ಪದ. ಇಲ್ಲಿ ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ಪ್ಲಾಟಿನ ಯಜಮಾನ ಕುಬೇರಪ್ಪನನ್ನೂ ಮುಟ್ಟಿದೆ. “ಪ್ಯಾಟ್ಯಾಗ ಮೋಸ ಮಾಡ್ಯಾಳಂತ ಬರದಾರಲ್ರಿ ಮಾಸ್ತರ. ಹೂವಿನ ಕೆಲಸ ನಂಬಿಗಿ ಮ್ಯಾಲ ನಡಿತೈತಿ. ಒಬ್ಬಾಕಿ ಕೈ ತಪ್ಪಿಸಿದ್ರ ಬೀಜ ಎಲ್ಲಾ ಕೆಡತೈತಿ. ಈ ಸಲ ಆಕಿ ಕಸ ತಗೀಲಿ ಬಿಡ್ರಿ” ಎಂದುಬಿಟ್ಟ. ಹದಿನಾಲ್ಕು ವರ್ಷ ಒಂದು ಹೂವನ್ನೂ ಕೆಡಿಸದ ಹುಲಗಮ್ಮ ಈಗ ಅದೇ ಹೊಲದಲ್ಲಿ ಕಳೆ ತೆಗೆಯುವ ಕುರ್ಪಿ ಹಿಡಿದು ಕೂತಿದ್ದಾಳೆ. ಪಕ್ಕದ ಸಾಲಿನವರು ಅವಳ ಮುಖ ನೋಡಿ ಮಾತು ನಿಲ್ಲಿಸುತ್ತಾರೆ.

ಪದಕ ಬೇಡ. ಆ ಒಂದು ಪದ ಅಳಿಸಿ, ‘ಜೊತೆಗಾತಿಯನ್ನು ಕರೆತರಲು ಹಿಂದಿರುಗಿದರು’ ಎಂದು ನಿಮ್ಮ ಮೊಹರು ಹಾಕಿ ಬರೆದುಕೊಡಿ. ಕುಬೇರಪ್ಪನಿಗೆ ತೋರಿಸಬೇಕು. ಹತ್ತಿ ಹೂವಾಗತೊಡಗಿದೆ. ನಿಮ್ಮ ಮುಂದಿನ ಸಭೆಯ ತನಕ ಕಾಯಲಾಗದು.

ಇನ್ನೊಂದು ಮಾತು. ಎಂಟು ವರ್ಷದ ಹಿಂದೆ ನಿಮ್ಮ ಓಟದಲ್ಲಿ ನಾನೂ ಓಡಿದ್ದೆ. ಹದಿನೆಂಟನೇ ಕಿಲೋಮೀಟರಿನಲ್ಲಿ ಕಾಲು ಹಿಡಿದು ಕುಸಿದಾಗ ಸಾವಿರಾರು ಬೂಟುಗಳು ನನ್ನ ಪಕ್ಕದಿಂದ ಮುಂದೆ ಹೋದವು. ಕುಂಟುತ್ತಲೇ ಮುಗಿಸಿದೆ. ನಿಮ್ಮ ಪದಕ ಗೋಡೆಯ ಮೇಲಿದೆ. ಆದರೂ ಈಗ ನನ್ನ ಹೊಟ್ಟೆಕಿಚ್ಚೆಲ್ಲ ಅಮರಮ್ಮನ ಮೇಲೆ.

ಇಂತಿ,
ಯಾರೂ ಹಿಂದಿರುಗಿ ಬಂದು ಎಬ್ಬಿಸದ
ಕಳಕೇಶ ಮಾಸ್ತರ, ತಾವರಗೇರಾ