ಲಂಡನ್ ಚಿತ್ರದ ಅಂಚು

ಪ್ರೀತಿಯ ಮೂಸಾ ಕಾಕಾ,

ನೀವು ತೀರಿಕೊಂಡ ಸುದ್ದಿಯನ್ನು ನಿಮ್ಮ ಮಗ ರಫೀಕ್ ಉಳ್ಳಾಲದ ಎಸ್‌ಟಿಡಿ ಬೂತಿನಿಂದ ಹೇಳಿ ಹನ್ನೆರಡು ದಿನವಾಯಿತು. ಕೊನೆಗೆ ಅವನು ಒಂದು ಮಾತು ಸೇರಿಸಿದ. "ಬಾಪಾನ ಕೈ ದೋಹಾದಲ್ಲೇ ನಡುಗ್ಲಿಕ್ಕೆ ಶುರುವಾಗಿತ್ತಂತಲ್ಲ? ಚಿತ್ರ ಹಾಳು ಮಾಡಿದ್ದಕ್ಕೇ ಊರಿಗೆ ಕಳಿಸಿದ್ದಂತೆ." ನಾನು ಹೂಂ ಎಂದೆ. ಹೂಂ ಎಂದುಬಿಟ್ಟೆ, ಕಾಕಾ! ನಿಮ್ಮ ಕೈ ನಡುಗಿದ್ದನ್ನು ಯಾರು ಕಂಡಿದ್ದಾರೆ?

ದೋಹಾದ ಮುಂತಜಾ ಬಡಾವಣೆಯ ನಮ್ಮ ಫ್ರೇಮಿನ ಅಂಗಡಿಗೆ ಆ ಇಂಗ್ಲಿಷ್ ಮೇಡಂ ಚಿತ್ರಗಳನ್ನು ತಂದ ದಿನ ನೆನಪಿದೆಯಾ? ವಿಕ್ಟೋರಿಯಾ ರಾಣಿಯ ಕಾಲದ ಲಂಡನ್, ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ್ದು. ಸೇತುವೆಯ ಕೆಳಗೆ ಮುದುಡಿ ಮಲಗಿದವರು, ನೀರಿಗೆ ಸಾಲು ನಿಂತ ಹೆಂಗಸರು, ಹಡಗುಕಟ್ಟೆಯ ಗೇಟಿನಲ್ಲಿ ಕೂಲಿಗೆ ಕಾಯುವ ಗಂಡಸರು. ಮೂಟೆ ಹೊತ್ತ ಒಬ್ಬನ ಮೇಲೆ ನೀವು ಬೆರಳಿಟ್ಟಿರಿ. "ನೋಡಾ ಹನೀಫ, ಬಿಳಿಯರ ಬೆನ್ನು ಸಹ ಬಗ್ಗಿದೆ ಮಾರಾಯ. ಮಂಗಳೂರು ಬಂದರಿನಲ್ಲಿ ನಾನು ಹೀಗೇ ಇದ್ದದ್ದು. ಟೊಪ್ಪಿ ಒಂದು ಇರ್ಲಿಲ್ಲ."

ಮರುದಿನ ನೀವು ಮಧ್ಯಾಹ್ನದ ನಮಾಜಿಗೆ ಹೋದಾಗ ನಾನು ಅದೇ ಚಿತ್ರ ಎತ್ತಿಕೊಂಡೆ. ಸುತ್ತಲೂ ಚೌಕಾಕಾರದಲ್ಲಿ ಕಾಗದ ಒತ್ತಿ ತಗ್ಗಾಗಿತ್ತು. ಮಡಚಿ ಕೆಟ್ಟದ್ದು ಎಂದುಕೊಂಡೆ. ಕ್ಯಾಲೆಂಡರ್ ಚಿತ್ರಗಳ ಬಿಳಿ ಅಂಚನ್ನು ನಾವು ದಿನವೂ ಕತ್ತರಿಸುತ್ತಿರಲಿಲ್ಲವೇ? ಹಾಗೆಯೇ ಆ ಒತ್ತಿನ ಗೆರೆಯ ಒಳಗಿನಿಂದ ಕತ್ತರಿಸಿಬಿಟ್ಟೆ. ನೀವು ಬಂದು ಮೇಜಿನ ಮೇಲಿದ್ದ ಅಂಚಿನ ತುಂಡುಗಳಲ್ಲಿ ಒಂದನ್ನು ಬೆಳಕಿಗೆ ಹಿಡಿದಿರಿ. ಆಮೇಲೆ ಹೇಳಿದಿರಿ, "ಅಚ್ಚಿನ ತಗಡು ಕೂತ ಆ ಒತ್ತೇ ಅಸಲಿನ ಗುರುತು, ಮಾರಾಯ."

ಮೇಡಂ ನಾಲ್ಕಕ್ಕೆ ಬರುವವಳಿದ್ದಳು. "ಗಡಿಯಾರ ನೋಡ್ಬೇಡ, ಗಾಜು ಒರೆಸು," ಎಂದಿರಿ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದೆ. ಅವಳು ಬಂದಳು, ಚಿತ್ರ ನೋಡಿದಳು, ಬಾಯಿಗೆ ಕೈ ಒತ್ತಿಕೊಂಡಳು. ನಮ್ಮ ಯಜಮಾನ, ಆ ಅರಬಾಬ್, ಒಳಗಿನಿಂದ ಬಂದು ಯಾರು ಮಾಡಿದ್ದೆಂದು ಕೇಳಿದ. ಊರಿನಲ್ಲಿ ನನ್ನ ಮಗಳು ಹುಟ್ಟಿ ನಲವತ್ತು ದಿನವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ನೀವು... ಇಲ್ಲ, ಸುಳ್ಳು ಬರೆಯಬಾರದು. ನಾನು ಬಾಯಿ ತೆರೆಯಲೇ ಇಲ್ಲ. "ನಾನು," ಎಂದವರು ನೀವು. "ಖಲಾಸ್," ಎಂದ ಅರಬಾಬ್. ನಿಮ್ಮ ವೀಸಾ ಕ್ಯಾನ್ಸಲ್ ಆಯಿತು.

ನಿಮಗೆ ತಿಳಿಯದೇ ಹೋದ ಸಂಗತಿ ಇನ್ನೊಂದಿದೆ. ನೀವು ರೂಮಿನಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ದಿನ ಮೇಡಂ ಮತ್ತೆ ಬಂದಳು. ಅರಬಾಬ್ ಇರಲಿಲ್ಲ. "ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರನ್ನು ಕಳಿಸಬೇಡಿ ಎಂದು ಯಜಮಾನರಿಗೆ ಹೇಳುತ್ತೇನೆ, ಅವರೆಲ್ಲಿ?" ಎಂದಳು. ಎರಡೇ ಗಲ್ಲಿ ಆಚೆ ಇದ್ದಿರಿ ನೀವು. "ಗಾನ್, ಮೇಡಂ. ಇಂಡಿಯಾ," ಎಂದೆ. ಮತ್ತೆ ಮಾತು ಎದ್ದರೆ ಕತ್ತರಿಸಿದ್ದು ಯಾರೆಂಬುದೂ ಹೊರಬರುತ್ತದೆ ಎಂಬ ಹೆದರಿಕೆ. ಮೂರು ದಿನದ ನಂತರ ನಿಮ್ಮನ್ನು ಏರ್‌ಪೋರ್ಟಿಗೆ ಬಿಟ್ಟವನೂ ನಾನೇ. ಆಗಲಾದರೂ ಹೇಳಬಹುದಿತ್ತು ಅಲ್ಲವೇ?

ಕತ್ತರಿಸಿದ ಅಂಚು ನಾನು ಇದನ್ನು ಬರೆಯುತ್ತಿರುವ ಡೈರಿಯಲ್ಲೇ ಇದೆ. ನಾನು ಕತ್ತರಿಸಿದ ಗೆರೆ ಎರಡು ಕಡೆ ಸೊಟ್ಟಗಾಗಿದೆ. ನಿಮ್ಮ ಕೈ ಎಂದಾದರೂ ಹಾಗೆ ಕತ್ತರಿಸಿದೆಯೇ?

ಮುಂದಿನ ತಿಂಗಳು ನನಗೆ ರಜೆ. ನನ್ನ ಮನೆಗೆ ಹೋಗುವ ಮೊದಲು ಉಳ್ಳಾಲಕ್ಕೆ ಹೋಗಿ ಈ ಅಂಚನ್ನು ರಫೀಕನ ಕೈಯಲ್ಲಿಡುತ್ತೇನೆ. ಮನೆಯವರು ಚಹಾ ತರುವ ಮೊದಲೇ ಎಲ್ಲ ಹೇಳುತ್ತೇನೆ ಕಾಕಾ. ನಿಮ್ಮ ಮನೆಯ ಚಹಾ ಕುಡಿದ ಮೇಲೆ ನನ್ನಿಂದ ಆಗಲಿಕ್ಕಿಲ್ಲ.

ನಿಮ್ಮ ಹನೀಫ